ಒಂದೇ ದಿನ ಮೂರು ಬೆಟ್ಟ: ದುರ್ಗದಲ್ಲಿ ಹತ್ತುವ ಮುಂಚೆ ಕೂತು ಹಾಕಬೇಕಾದ ಲೆಕ್ಕ

ಧವಳಪ್ಪನ ಗುಡ್ಡ, ಜೋಗಿಮಟ್ಟಿ, ಕೋಟೆ ಬೆಟ್ಟ. ಈ ಮೂರನ್ನೂ ಒಂದೇ ದಿನ ಹತ್ತಿ ಇಳಿಯಬೇಕು ಅನ್ನುವ ಆಸೆ ಚಿತ್ರದುರ್ಗದ ಹುಡುಗರಿಗೆ ಒಂದಲ್ಲ ಒಂದು ಸಲ ಬಂದೇ ಬರುತ್ತದೆ. ದಾವಣಗೆರೆಯಿಂದ ಬೆಳಿಗ್ಗೆ ಬೈಕ್ ಹತ್ತಿ ಬರುವವರೂ ಕೇಳುತ್ತಾರೆ, "ಒಂದು ದಿನಕ್ಕೆ ಆಗುತ್ತಾ ಅಣ್ಣ?" ಅಂತ. ಆಗುತ್ತದೆ. ಆದರೆ ಬುಡದಲ್ಲಿ ನಿಂತು "ನಡೀರಿ ಹೋಗೋಣ" ಅಂದ ತಕ್ಷಣ ಆಗುವ ಕೆಲಸ ಅಲ್ಲ. ಹಿಂದಿನ ವಾರವೇ ಮನೆಯಲ್ಲಿ ಹಾಳೆ, ಪೆನ್ನು ಹಿಡಿದು ಕೂತು ನೀರಿನ ಲೆಕ್ಕ, ಬೆಳಕಿನ ಲೆಕ್ಕ, ಇಳಿಯುವ ದಾರಿಯ ಲೆಕ್ಕ ಹಾಕಬೇಕು.

ನಾವು ಮೊದಲ ಸಲ ಹೋದಾಗ ಲೆಕ್ಕ ಹಾಕಿರಲಿಲ್ಲ. ಹೊಟ್ಟೆ ತುಂಬ ಬೆಣ್ಣೆ ದೋಸೆ ತಿಂದು, ಕೋಟೆ ಬಾಗಿಲು ತೆಗೆದ ಮೇಲೆ ಒಳಗೆ ಹೋಗಿ, ಓಬವ್ವನ ಕಿಂಡಿ, ತುಪ್ಪದ ಕೊಳ ಅಂತ ಸುತ್ತಾಡಿ, ಫೋಟೋ ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಹತ್ತೂವರೆ. ಜೋಗಿಮಟ್ಟಿ ಏರು ಶುರುವಾದಾಗ ಸೂರ್ಯ ನೆತ್ತಿಗೆ ಬಂದಿದ್ದ. ನೀರು ಎಲ್ಲರ ಹತ್ತಿರವೂ ಇತ್ತು, ಕುಡಿಯುತ್ತಲೂ ಇದ್ದೆವು. ಹಾಗಿದ್ದರೂ ಒಬ್ಬ ಗೆಳೆಯ ಒಂದು ತಿರುವಿನಲ್ಲಿ ಸುಮ್ನೆ ಕೂತುಬಿಟ್ಟ. ಅವನ ಕಪ್ಪು ಅಂಗಿಯ ಬೆನ್ನ ಮೇಲೆ ಉಪ್ಪು ಬಿಳಿಗಟ್ಟಿತ್ತು. ಒಂದರ ಪಕ್ಕ ಒಂದು ಗೆರೆ, ಕೆರೆಯ ನೀರು ಇಂಗುತ್ತಾ ದಡದ ಮೇಲೆ ಗುರುತು ಬಿಡುತ್ತದಲ್ಲ, ಹಾಗೆ. ತೊಡೆಯ ಸ್ನಾಯು ಹಿಡಿದುಕೊಂಡಿತ್ತು, ಮುಟ್ಟಿದರೆ ಕಲ್ಲು. ಇನ್ನೊಬ್ಬ ಗೆಳೆಯನ ಚೀಲದಲ್ಲಿ, ಕೋಟೆ ಹತ್ತಿರ ಕೊಂಡಿದ್ದ ಸೌತೆಕಾಯಿಯ ಜೊತೆ ಬಂದಿದ್ದ ಉಪ್ಪು-ಖಾರದ ಪೊಟ್ಟಣ ಉಳಿದಿತ್ತು. ಅದನ್ನೇ ನೀರಿಗೆ ಕದಡಿ ಗುಟುಕು ಗುಟುಕಾಗಿ ಕುಡಿಸಿ, ನೆರಳಲ್ಲಿ ಒಂದು ಗಂಟೆ ಮಲಗಿಸಿದ ಮೇಲೆ ಅವನು ಎದ್ದ. ತುದಿ ಕಾಣಲಿಲ್ಲ, ವಾಪಸ್ ಬಂದೆವು. ಅವತ್ತಿನ ತಪ್ಪು ಕಾಲಿನದ್ದಲ್ಲ. ಬೆಟ್ಟಗಳ ಸರದಿಯೇ ತಿರುವುಮುರುವು ಆಗಿತ್ತು, ನೀರಿನ ಜೊತೆ ಉಪ್ಪು ಇರಲಿಲ್ಲ, ಇಂಥ ಹೊತ್ತಿಗೆ ಎಲ್ಲಿದ್ದರೂ ವಾಪಸ್ ಅಂತ ಯಾರೂ ಹೇಳಿರಲಿಲ್ಲ.

ಮೊದಲು ಸರದಿ

ಎಲ್ಲರೂ ಚಂದದ ಬೆಟ್ಟವನ್ನು ಮೊದಲು ಹತ್ತುತ್ತಾರೆ. ನನ್ನ ಮಾತು ಕೇಳಿ, ಕೋಟೆಯನ್ನು ಕೊನೆಗೆ ಇಟ್ಟುಕೊಳ್ಳಿ. ಕೋಟೆಯಲ್ಲಿ ಮೆಟ್ಟಿಲಿದೆ, ಜನ ಇದ್ದಾರೆ, ಕಾವಲಿನವರಿದ್ದಾರೆ, ಬಾಗಿಲಿಂದ ಹೊರಗೆ ಬಂದರೆ ಊರೇ. ಸಂಜೆ ಹೊತ್ತಿಗೆ ಸುಸ್ತಾಗಿ "ಇವತ್ತಿಗೆ ಸಾಕು" ಅನಿಸಿದರೆ ಯಾವ ಮೆಟ್ಟಿಲಿಂದ ಬೇಕಾದರೂ ತಿರುಗಿ ಇಳಿಯಬಹುದು. ಜೋಗಿಮಟ್ಟಿ ಹಾಗಲ್ಲ. ಊರಿಂದ ಹತ್ತು ಕಿಲೋಮೀಟರ್ ಆಚೆ, ಕಾಡಿನ ಮಧ್ಯೆ, ಅರ್ಧ ದಾರಿಯಲ್ಲಿ ಕಾಲು ಹೊರಳಿದರೆ ವಾಪಸ್ ಬರುವುದೇ ಒಂದು ದೊಡ್ಡ ನಡಿಗೆ. ಅದಕ್ಕೆ ತಾಜಾ ಕಾಲು ಬೇಕು, ಬೆಳಗಿನ ತಂಪು ಬೇಕು. ಬೇರೆ ಎಲ್ಲಿಗೇ ಹೋಗಿ, ದಾವಣಗೆರೆ ಕಡೆಯ ಗುಡ್ಡಗಳಾಗಲಿ, ಚಿಕ್ಕಮಗಳೂರಿನ ಗಿರಿಗಳ ಸಾಲಾಗಲಿ, ಇದೇ ಕ್ರಮ. ಬಿಟ್ಟುಬಿಡಲು ಕಷ್ಟವಾದ ಬೆಟ್ಟ ಮೊದಲು, ಬಿಟ್ಟರೂ ನಡೆಯುತ್ತೆ ಅನ್ನುವಂಥದ್ದು ಕೊನೆಗೆ, ಅದೂ ಊರಿಗೆ ಹತ್ತಿರ ಇರಬೇಕು.

ಹಾಗಾದರೆ ಜೋಗಿಮಟ್ಟಿಗೂ ಮುಂಚೆ ಧವಳಪ್ಪನ ಗುಡ್ಡ ಯಾಕೆ ಅಂತ ಕೇಳಬಹುದು. ಬೆಳಕು ಹರಿಯುವ ಹೊತ್ತಿಗೆ ಒಳಕಾಡಿಗೆ ಕಾಲಿಡುವುದು ಒಳ್ಳೆಯದಲ್ಲ. ಕರಡಿ, ಚಿರತೆ ಓಡಾಡುವ ಹೊತ್ತದು. ಕಾಡಿನ ಗೇಟೂ ಆಗ ತೆರೆದಿರುವುದಿಲ್ಲ. ಆ ಮೊದಲ ಗಂಟೆಯನ್ನು ವ್ಯರ್ಥ ಮಾಡದೆ ಚಂದ್ರವಳ್ಳಿ ಪಕ್ಕದ ಈ ಗುಡ್ಡಕ್ಕೆ ಕೊಟ್ಟರೆ ಮೈ ಬಿಸಿಯಾಗುತ್ತದೆ, ಶೂ ಎಲ್ಲಿ ಉಜ್ಜುತ್ತಿದೆ, ಚೀಲದ ಪಟ್ಟಿ ಎಲ್ಲಿ ಒತ್ತುತ್ತಿದೆ ಅಂತಲೂ ಗೊತ್ತಾಗುತ್ತದೆ. ಏನಾದರೂ ಸರಿ ಇಲ್ಲ ಅಂದರೆ ಊರು ಕಾಲ ಬುಡದಲ್ಲೇ ಇದೆ.

ಅನುಮತಿ

ಜೋಗಿಮಟ್ಟಿ 2015ರಲ್ಲಿ ವನ್ಯಜೀವಿ ಧಾಮವಾಯಿತು. ಸುಮ್ನೆ ಒಳಗೆ ನುಗ್ಗುವ ಜಾಗ ಅಲ್ಲ. ಚಿತ್ರದುರ್ಗದ ಅರಣ್ಯ ಇಲಾಖೆ ಕಚೇರಿಗೆ ಒಂದು ವಾರ ಮುಂಚೆ ಹೋಗಿ ಕೇಳಿ. ನಡೆದು ಹೋಗಲು ಬಿಡುತ್ತಾರಾ, ಯಾವ ದಾರಿಯಲ್ಲಿ, ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಎಷ್ಟು ಹೊತ್ತಿಗೆ ಹೊರಗೆ ಬರಬೇಕು, ವಾಪಸ್ ಕರೆದುಕೊಂಡು ಬರಲು ಗಾಡಿ ಒಳಗೆ ಬರಬಹುದಾ, ಜೊತೆಗೆ ಇಲಾಖೆಯವರು ಯಾರಾದರೂ ಬರುತ್ತಾರಾ, ಎಲ್ಲವನ್ನೂ ಆಗಲೇ ಕೇಳಿಕೊಳ್ಳಿ. ಧವಳಪ್ಪನ ಗುಡ್ಡದ ಬಗ್ಗೆಯೂ ಅಲ್ಲೇ ಕೇಳಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಇಲ್ಲ ಅಂದರೆ ಇಲ್ಲ, ವಾದ ಬೇಡ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಭಯ ಇರುವಾಗ ಅವರು ಬಿಡದೆ ಇರುವುದೇ ಸರಿ. ಕದ್ದು ಒಳದಾರಿ ಹಿಡಿದವರಿಗೆ ಏನಾದರೂ ಆದರೆ ಹುಡುಕಲು ಹೋಗುವವರಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೂ ಗೊತ್ತಿರುವುದಿಲ್ಲ, ಇದನ್ನು ಮರೆಯಬೇಡಿ.

ಕಾಲ ಯಾವುದು ಅಂದರೆ ನವೆಂಬರ್, ಡಿಸೆಂಬರ್, ಜನವರಿ. ಮಳೆಗಾಲದಲ್ಲಿ ಜೋಗಿಮಟ್ಟಿ ಮೇಲೆ ಮಂಜು ಮುಸುಕಿ ನೋಡಲು ತುಂಬ ಚಂದ, ಅದಕ್ಕೇ ಮಧ್ಯ ಕರ್ನಾಟಕದ ಊಟಿ ಅನ್ನುತ್ತಾರೆ. ಆದರೆ ಆ ಗಾಳಿ, ಆ ಮಂಜು, ಪಾಚಿಗಟ್ಟಿದ ಬಂಡೆ, ಇವುಗಳ ಮಧ್ಯೆ ಮೂರು ಬೆಟ್ಟದ ಆಸೆ ಬೇಡ. ಆಗ ಒಂದು ಬೆಟ್ಟ ಸಾಕು.

ಹಾಳೆಯ ಮೇಲೆ ನಡೆದು ನೋಡುವುದು

ಎಲ್ಲರೂ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ಬಯಲಲ್ಲಿ 20 ಕಿಲೋಮೀಟರ್ ನಡೆಯುವುದಕ್ಕೂ ಮೂರು ಸಲ ಹತ್ತಿ ಇಳಿದು 20 ಕಿಲೋಮೀಟರ್ ಮಾಡುವುದಕ್ಕೂ ಅಜಗಜಾಂತರ. ನಿಮಗೆ ಬೇಕಾದ ಅಂಕಿ ಎರಡು: ಒಟ್ಟು ದೂರ, ಒಟ್ಟು ಏರು. ಏರು ಅಂದರೆ ತುದಿಯ ಎತ್ತರ ಅಲ್ಲ, ದಿನವಿಡೀ ನೀವು ಮೇಲಕ್ಕೆ ಇಟ್ಟ ಹೆಜ್ಜೆಗಳ ಮೊತ್ತ. ಒಂದು ಬೆಟ್ಟ ಇಳಿದು ಇನ್ನೊಂದು ಹತ್ತಿದರೆ ಅದೂ ಸೇರಬೇಕು, ಮಧ್ಯದಲ್ಲಿ ಸಿಗುವ ಸಣ್ಣ ದಿಬ್ಬವೂ ಸೇರಬೇಕು.

ಇದನ್ನು ತಿಳಿಯಲು ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಒಳ್ಳೆಯದು. ಅದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಕಂದು ಬಣ್ಣದ ಸಣ್ಣ ಗೆರೆಗಳು ಸುತ್ತಿ ಸುತ್ತಿ ಹೋಗಿರುತ್ತವಲ್ಲ, ಒಂದು ಗೆರೆಯಿಂದ ಮುಂದಿನ ಗೆರೆಗೆ 20 ಮೀಟರ್ ಎತ್ತರ. ನಿಮ್ಮ ದಾರಿ ಮೇಲಕ್ಕೆ ಹೋಗುತ್ತಾ ಎಷ್ಟು ಗೆರೆ ದಾಟುತ್ತದೆ ಅಂತ ಎಣಿಸಿ 20ರಿಂದ ಗುಣಿಸಿ. 15 ಗೆರೆ ದಾಟಿದರೆ 300 ಮೀಟರ್. ಗೆರೆಗಳು ಒತ್ತೊತ್ತಾಗಿ ಅಂಟಿಕೊಂಡಿದ್ದರೆ ಅಲ್ಲಿ ಕಡಿದಾದ ಬಂಡೆ, ಆ ಕಡೆಯಿಂದ ಇಳಿಯುವ ಯೋಚನೆ ಬಿಡಿ. ಫೋನಿನ ಆಫ್‌ಲೈನ್ ಮ್ಯಾಪ್ ಕೂಡ ಇದನ್ನೇ ಲೆಕ್ಕ ಹಾಕಿ ಕೊಡುತ್ತದೆ, ಬಳಸಿ. ಆದರೆ ಒಂದು ಸಲ ಕೈಯಾರೆ ಎಣಿಸಿದವರಿಗೆ ಬೆಟ್ಟದ ಆಕಾರ ತಲೆಯಲ್ಲಿ ಕೂತುಬಿಡುತ್ತದೆ, ಅದು ಫೋನ್ ನೋಡಿದರೆ ಬರುವುದಿಲ್ಲ.

ಸಮಯಕ್ಕೆ ಒಂದು ಹಳೆಯ ಸೂತ್ರ ಇದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವವರು 1892ರಲ್ಲಿ ಹೇಳಿದ್ದು. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ತಂಪು ದೇಶದ, ಅಭ್ಯಾಸ ಇರುವ ಕಾಲಿನ, ಎಲ್ಲೂ ನಿಲ್ಲದೆ ನಡೆಯುವವರ ಲೆಕ್ಕ. ನಮ್ಮ ಬಿಸಿಲಿಗೆ, ನಮ್ಮ ಬಂಡೆಗೆ ನಾನು ಬಂದ ಉತ್ತರಕ್ಕೆ ಅದರ ಅರ್ಧವನ್ನು ಮತ್ತೆ ಸೇರಿಸುತ್ತೇನೆ.

ಮೂರು ಬೆಟ್ಟ, ಎಲ್ಲ ನಡಿಗೆಯಲ್ಲೇ, ಜೋಗಿಮಟ್ಟಿಗೆ ಹೋಗಿ ಬರುವುದೂ ನಡೆದೇ ಅಂತ ಇಟ್ಟುಕೊಳ್ಳಿ. ದೂರ ಸುಮಾರು 28 ಕಿಲೋಮೀಟರ್, ಏರು ಸುಮಾರು 1,000 ಮೀಟರ್ ಅಂತ ಹಿಡಿದರೆ ದೂರಕ್ಕೆ 5 ಗಂಟೆ 36 ನಿಮಿಷ, ಏರಿಗೆ 1 ಗಂಟೆ 40 ನಿಮಿಷ, ಒಟ್ಟು 7 ಗಂಟೆ 16 ನಿಮಿಷ. ಅರ್ಧ ಸೇರಿಸಿದರೆ ಹೆಚ್ಚುಕಡಿಮೆ 11 ಗಂಟೆ. ಡಿಸೆಂಬರಿನಲ್ಲಿ ದುರ್ಗಕ್ಕೆ ಸಿಗುವ ಹಗಲು ಎಷ್ಟು ಗೊತ್ತಾ? ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ, ಮುಳುಗುವುದು ಆರರ ಸುಮಾರಿಗೆ. ಬರೀ 11 ಗಂಟೆ 20 ನಿಮಿಷ. ಅಂದರೆ ಊಟಕ್ಕೆ ಕೂತರೂ ಕತ್ತಲಾಗುತ್ತದೆ. ಇದು ಹಾಳೆಯ ಮೇಲೆಯೇ ಬಿದ್ದುಹೋದ ಯೋಜನೆ, ಅಲ್ವಾ?

ಜೋಗಿಮಟ್ಟಿ ತುದಿಯಿಂದ ಊರಿಗೆ ಗಾಡಿಯಲ್ಲಿ ಬಂದರೆ ದೂರ 18 ಕಿಲೋಮೀಟರಿಗೆ ಇಳಿಯುತ್ತದೆ, ಏರು ಹಾಗೇ ಉಳಿಯುತ್ತದೆ. ಈಗ ಹಾಕಿ: 3 ಗಂಟೆ 36 ನಿಮಿಷ, ಅದಕ್ಕೆ 1 ಗಂಟೆ 40, ಒಟ್ಟು 5 ಗಂಟೆ 16 ನಿಮಿಷ, ಅರ್ಧ ಸೇರಿಸಿದರೆ ಎಂಟು ಗಂಟೆಗೆ ಸ್ವಲ್ಪ ಕಡಿಮೆ. ಗಾಡಿಯ ಹೊತ್ತು, ಊಟ, ವಿಶ್ರಾಂತಿ, ದಾರಿ ತಪ್ಪಿ ಹುಡುಕುವ ಹೊತ್ತು ಎಲ್ಲಕ್ಕೂ ಜಾಗ ಸಿಕ್ಕಿತು. ಹತ್ತಿದ ಬೆಟ್ಟ ಒಂದೂ ಕಮ್ಮಿ ಆಗಲಿಲ್ಲ. ಗಾಡಿ ಹತ್ತಿದರೆ ಅವಮಾನ ಅನ್ನುವವರಿದ್ದಾರೆ. ಡಾಂಬರು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಮಂಡಿ ಕುಟ್ಟಿಕೊಂಡು ಇಳಿಯುವುದರಲ್ಲಿ ನನಗೆ ಯಾವ ಹೆಚ್ಚುಗಾರಿಕೆಯೂ ಕಾಣುವುದಿಲ್ಲ. ನಿಮ್ಮ ದಾರಿ ಬೇರೆ ಆದರೆ ಅಂಕಿಯೂ ಬೇರೆ, ಲೆಕ್ಕದ ರೀತಿ ಮಾತ್ರ ಇದೇ.

ನೀರು

ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮದು ಬಯಲುಸೀಮೆ, ಮಲೆನಾಡಿನ ಹಾಗೆ ಅರ್ಧ ಗಂಟೆಗೊಂದು ಝರಿ ಸಿಗುವುದಿಲ್ಲ. ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನ ಇದೆಯಲ್ಲ, ನಾಲ್ಕನೇ ಶತಮಾನದ್ದು, ಅದು ಹೇಳುವುದೇ ಕೆರೆಯ ವಿಷಯ. ಕೋಟೆಯಲ್ಲಿ ನಾಯಕರು ಮಾಡಿದ ಏರ್ಪಾಡು ನೋಡಿ: ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಒಂದು ತುಂಬಿದ ಮೇಲೆ ಇನ್ನೊಂದು. ಇಷ್ಟು ಕಲ್ಲು ಬೆಟ್ಟದಲ್ಲಿ ಜನ ಬದುಕಿದ್ದು ಈ ಲೆಕ್ಕದಿಂದ. ನಿಮ್ಮ ಒಂದು ದಿನಕ್ಕೂ ಅದೇ ಥರ ಹಂತ ಹಂತದ ಲೆಕ್ಕ ಬೇಕು. ಆ ಹೊಂಡಗಳ ನೀರನ್ನು ಈಗ ಕುಡಿಯಬೇಡಿ, ಅಷ್ಟೇ.

ನಾನು ದಿನಕ್ಕೆ ತಲೆಗೆ ಐದೂವರೆ ಲೀಟರ್ ಅಂತ ಇಟ್ಟುಕೊಳ್ಳುತ್ತೇನೆ. ಎಲ್ಲವನ್ನೂ ಒಟ್ಟಿಗೆ ಹೊರುವುದಲ್ಲ, ಐದೂವರೆ ಲೀಟರ್ ಅಂದರೆ ಐದೂವರೆ ಕೆಜಿ. ಧವಳಪ್ಪನ ಗುಡ್ಡಕ್ಕೆ 1 ಲೀಟರ್. ಕೆಳಗೆ ಬಂದು ತಿಂಡಿಯ ಜೊತೆ ಅರ್ಧ ಲೀಟರ್ ಕುಡಿದು, 3 ಲೀಟರ್ ತುಂಬಿಕೊಂಡು ಜೋಗಿಮಟ್ಟಿಗೆ. ಮೇಲೆ ನೀರು ಸಿಕ್ಕೀತು ಅಂತ ನಂಬಬೇಡಿ, ಸಿಕ್ಕರೆ ಲಾಭ. ಮಧ್ಯಾಹ್ನ ಊರಿಗೆ ಬಂದು ಮತ್ತೆ ತುಂಬಿಸಿಕೊಂಡು 1 ಲೀಟರ್ ಕೋಟೆಗೆ. ವಾಪಸ್ ಕರೆದುಕೊಂಡು ಹೋಗಲು ಬರುವ ಗಾಡಿಯಲ್ಲಿ ಒಂದು ಕ್ಯಾನ್ ನೀರು ಇರಲೇಬೇಕು, ಚಾಲಕರಿಗೆ ಹಿಂದಿನ ದಿನವೇ ಹೇಳಿಡಿ.

ನೀರಿನ ಜೊತೆ ಉಪ್ಪು. ಬೆವರಿದ ಮೈಗೆ ಬರೀ ನೀರು ಸುರಿಯುತ್ತಾ ಹೋದರೆ ರಕ್ತದಲ್ಲಿನ ಉಪ್ಪು ಇನ್ನೂ ತೆಳ್ಳಗಾಗುತ್ತದೆ. ತಲೆನೋವು, ವಾಕರಿಕೆ ಬರುತ್ತದೆ, ಜಾಸ್ತಿಯಾದರೆ ಜೀವಕ್ಕೂ ಅಪಾಯ. ಓಆರ್‌ಎಸ್ ಪುಡಿ ತಗೊಳ್ಳಿ. ಪೊಟ್ಟಣದ ಮೇಲೆ 1 ಲೀಟರ್‌ಗೆ ಅಂತ ಇದ್ದರೆ ಪೂರ್ತಿ 1 ಲೀಟರಿಗೇ ಹಾಕಬೇಕು, ಅರ್ಧ ಬಾಟಲಿಗೆ ಸುರಿಯಬಾರದು. ಪುಡಿ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಿಹಿ ಜ್ಯೂಸಿನ ಡಬ್ಬಿ ಇದಕ್ಕೆ ಬದಲಿ ಅಲ್ಲ. ಗಂಟೆಗೊಮ್ಮೆ ಗಟಗಟ ಕುಡಿಯುವುದಕ್ಕಿಂತ ಹದಿನೈದು ನಿಮಿಷಕ್ಕೆ ನಾಲ್ಕು ಗುಟುಕು ಒಳ್ಳೆಯದು. ಉಚ್ಚೆಯ ಬಣ್ಣ ನೋಡಿಕೊಳ್ಳಿ. ಗಾಢ ಹಳದಿ ಆಗಿದ್ದರೆ, ಅಥವಾ ಮೂರ್ನಾಲ್ಕು ಗಂಟೆ ಆದರೂ ಬರದೇ ಇದ್ದರೆ ಕೂತು ಕುಡಿಯಿರಿ, ಆಮೇಲೆ ನಡೆಯಿರಿ.

ಜೊತೆಯವರು ಏನೇನೋ ಮಾತಾಡಲು ಶುರು ಮಾಡಿದರೆ, ಮೈ ಕೆಂಡದಂತೆ ಬಿಸಿ ಇದ್ದರೆ, ಅದು ಬರೀ ಸುಸ್ತಲ್ಲ, ಬಿಸಿಲಿನ ಹೊಡೆತ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಕುಡಿಯುವ ನೀರನ್ನೇ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಸುರಿದು ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬುತ್ತಿ

ಬೆಳಿಗ್ಗೆ ಹಗುರವಾಗಿ: ಎರಡು ಇಡ್ಲಿ, ಇಲ್ಲ ರಾಗಿ ಅಂಬಲಿ. ದೋಸೆ ಸಂಜೆಗಿರಲಿ. ಚೀಲಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಕಟಕಲು ರೊಟ್ಟಿ ಆದರೆ ಪುಡಿಪುಡಿ ಆಗುತ್ತದೆ, ಮೆತ್ತಗಿನದ್ದನ್ನೇ ಮಡಚಿ ಬಟ್ಟೆಯಲ್ಲಿ ಸುತ್ತಿಡಿ. ಒಗ್ಗರಣೆ ಮಂಡಕ್ಕಿ ನಮ್ಮ ಪ್ರಾಣ, ಒಪ್ಪಿದೆ. ಆದರೆ ಅರ್ಧ ಚೀಲ ಜಾಗ ತಿನ್ನುತ್ತದೆ, ಒಣಗಿದ ಗಂಟಲಲ್ಲಿ ಇಳಿಯುವುದಿಲ್ಲ, ತಿಂದ ಹತ್ತು ನಿಮಿಷಕ್ಕೆ ಮತ್ತೆ ಹಸಿವು. ಅದಕ್ಕಿಂತ ಒಂದು ಮುಷ್ಟಿಯ ಶೇಂಗಾ ಉಂಡೆ ಎಷ್ಟೋ ವಾಸಿ. ಬಾಳೆಹಣ್ಣು ಎರಡು, ಖರ್ಜೂರ, ಎರಡು ನಿಂಬೆಹಣ್ಣು. ಹಸಿವಾಗುವವರೆಗೆ ಕಾಯಬೇಡಿ, ಗಂಟೆಗೊಂದು ಸಲ ಸ್ವಲ್ಪ ಬಾಯಿಗೆ ಹಾಕಿಕೊಳ್ಳುತ್ತಿರಿ. ಮಸಾಲೆ, ಎಣ್ಣೆ, ಮಿರ್ಚಿ ನಡಿಗೆಯ ಮಧ್ಯೆ ಬೇಡ. ಪ್ಲಾಸ್ಟಿಕ್ ತಂದಷ್ಟೂ ವಾಪಸ್ ತನ್ನಿ.

ಕಲ್ಲು, ಜೇನು, ಕರಡಿ

ಊರ ಸುತ್ತಲಿನ ಗುಡ್ಡಗಳ ದುಂಡು ಬಂಡೆಗೂ ಜೋಗಿಮಟ್ಟಿ ಸಾಲಿನ ಕಲ್ಲಿಗೂ ವ್ಯತ್ಯಾಸ ಇದೆ, ಕಾಲಿಗೆ ಅದು ಗೊತ್ತಾಗುತ್ತದೆ. ದುಂಡು ಬಂಡೆ ಒಣಗಿದ್ದರೆ ಒಳ್ಳೆ ಹಿಡಿತ ಕೊಡುತ್ತದೆ. ಆದರೆ ಅದರ ಮೇಲೆ ಮೇಲಿಂದ ಕೆಳಗೆ ಇಳಿದಿರುವ ಕಪ್ಪು ಪಟ್ಟೆ ನೋಡಿ, ಅದು ಮಳೆನೀರು ಹರಿದ ಜಾಗ. ಅಲ್ಲಿ ಒಣಗಿದ ಪಾಚಿ ಇರುತ್ತದೆ. ಇಬ್ಬನಿ ಬಿದ್ದರೆ ಸಾಕು, ಸೋಪು ಹಚ್ಚಿದ ಹಾಗೆ. ಬೆಳಗಿನ ಜಾವ ಆ ಪಟ್ಟೆ ಬಿಟ್ಟು ಪಕ್ಕದ ತಿಳಿ ಬಣ್ಣದ ಕಲ್ಲಿನ ಮೇಲೆ ಹೆಜ್ಜೆ ಇಡಿ, ಪೂರ್ತಿ ಅಂಗಾಲು ಊರಿ. ಜೋಗಿಮಟ್ಟಿ ಕಡೆ ಚೂರು ಚೂರಾಗುವ ಕಲ್ಲು, ಇಳಿಜಾರಿನಲ್ಲಿ ಜಲ್ಲಿಯ ಹಾಗೆ ಜಾರುತ್ತದೆ. ಅಲ್ಲಿ ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಬಗ್ಗಿರಲಿ. ಹೊಸ ಶೂ ಹಾಕಿಕೊಂಡು ಬರಬೇಡಿ, ತಳ ಸವೆದ ಹಳೆಯದೂ ಬೇಡ.

ಹೆಜ್ಜೇನಿನ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ದೊಡ್ಡ ಬಂಡೆಯ ಚಾಚಿದ ಅಂಚಿನ ಕೆಳಗೆ ಅದರ ಗೂಡು ಕಪ್ಪು ಹಲಗೆಯ ಹಾಗೆ ತೂಗುತ್ತಿರುತ್ತದೆ. ಅದರ ಹತ್ತಿರ ಕೂಗಾಟ, ಹೊಗೆ, ಕಲ್ಲೆಸೆತ, ಸೆಂಟಿನ ವಾಸನೆ ಯಾವುದೂ ಕೂಡದು. ಎದ್ದರೆ ನಿಂತು ಹೊಡೆದಾಡಬೇಡಿ. ಒಂದು ಚುಚ್ಚಿದ ಕಡೆ ಬರುವ ವಾಸನೆಗೆ ಉಳಿದವೂ ಅಲ್ಲಿಗೇ ಬರುತ್ತವೆ. ಮುಖಕ್ಕೆ ಟವೆಲ್ ಮುಚ್ಚಿಕೊಂಡು, ದಾರಿ ಕಾಣುವಷ್ಟು ಕಣ್ಣು ಬಿಟ್ಟು, ಆದಷ್ಟು ದೂರ ಹೋಗಿ. ಬಂಡೆಯ ಅಂಚಿನ ಕಡೆ ಮಾತ್ರ ಓಡಬೇಡಿ. ಆಮೇಲೆ ಚುಚ್ಚಿದ ಮುಳ್ಳನ್ನು ಉಗುರಿನಿಂದ ಕೆರೆದು ಬೇಗ ತೆಗೆಯಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ ಆಸ್ಪತ್ರೆಗೆ ಒಂದು ಕ್ಷಣವೂ ತಡ ಬೇಡ.

ಕರಡಿಗೆ ಇದರ ಉಲ್ಟಾ. ಕರಡಿಯ ಮೂಗು ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೇ. ನೀವು ತೀರಾ ಹತ್ತಿರ ಬರುವವರೆಗೆ ಗೊತ್ತಾಗದೆ, ಗಾಬರಿಯಿಂದ ಮೇಲೆ ಬೀಳುತ್ತದೆ. ಹಾಗಾಗಿ ಪೊದೆ ದಟ್ಟವಾಗಿರುವ ದಾರಿಯಲ್ಲಿ ಮಾತಾಡುತ್ತಾ, ಕೋಲು ಕುಟ್ಟುತ್ತಾ ನಡೆಯಿರಿ, ಹಾಡು ಹಾಕಿಕೊಂಡು ಕಿವಿ ಮುಚ್ಚಿಕೊಳ್ಳಬೇಡಿ. ಗುಹೆ, ಬಂಡೆಯ ಸಂದುಗಳೊಳಗೆ ಇಣುಕಬೇಡಿ. ಕಂಡರೆ ಎದುರಿಗೇ ಮುಖ ಮಾಡಿಕೊಂಡು ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಬಂಡೆಯ ಬಳಿ ಬಾಯಿ ಮುಚ್ಚಿ, ಪೊದೆಯ ಬಳಿ ಬಾಯಿ ಬಿಡಿ, ನಮ್ಮ ಗುಂಪಿನಲ್ಲಿ ಹೊಸಬರಿಗೆ ಹೀಗೇ ಹೇಳಿಕೊಡುತ್ತೇವೆ.

ಜೊತೆಗೆ ಯಾರು

ನಾಲ್ಕು ಜನ ಸರಿ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಬಹುದು, ಇಬ್ಬರು ಸಹಾಯಕ್ಕೆ ಹೋಗಬಹುದು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವರು ಮುಂದೆ ನಡೆಯಲಿ, ಗಟ್ಟಿ ಇರುವವರು ಹಿಂದೆ. ವೇಗ ಮಾತಾಡುತ್ತಾ ನಡೆಯುವಷ್ಟಿರಲಿ. ಏದುಸಿರಿನಿಂದ ಮಾತು ನಿಂತರೆ ವೇಗ ಜಾಸ್ತಿ ಆಯಿತು ಅಂತ ಅರ್ಥ.

ಮನೆಯಲ್ಲಿ ಒಬ್ಬರಿಗೆ, ಅಮ್ಮನೋ ಅಕ್ಕನೋ, ಒಂದು ಚೀಟಿ ಬರೆದು ಕೊಡಿ: ಯಾವ ಬೆಟ್ಟ, ಯಾವ ದಾರಿ, ಎಷ್ಟು ಹೊತ್ತಿಗೆ ಎಲ್ಲಿರುತ್ತೇವೆ, ಜೊತೆಗೆ ಯಾರು, ಗಾಡಿಯವರ ನಂಬರ್. ಸಂಜೆ ಏಳಕ್ಕೆ ಫೋನ್ ಬರದೇ ಇದ್ದರೆ 112ಕ್ಕೆ ಫೋನ್ ಮಾಡಿ ಅಂತ ಅದರಲ್ಲೇ ಬರೆಯಿರಿ. ಫೋನಿನಲ್ಲಿ ಕಳಿಸಿದರೆ ಆಗಲ್ವಾ ಅಂದರೆ ಆಗುತ್ತದೆ, ಆದರೆ ಫ್ರಿಜ್ ಮೇಲೆ ಅಂಟಿಸಿದ ಚೀಟಿ ಎಲ್ಲರ ಕಣ್ಣಿಗೆ ಬೀಳುತ್ತದೆ.

ತಿಂಗಳ ತಯಾರಿ ಅಂದರೆ ದೊಡ್ಡದೇನಿಲ್ಲ. ವಾರಕ್ಕೆ ಮೂರು ದಿನ ಒಂದು ಗಂಟೆ ಬಿರುಸಾಗಿ ನಡೆಯಿರಿ, ಭಾನುವಾರ ಒಂದು ಗುಡ್ಡ, 4 ಕೆಜಿ ಚೀಲ ಬೆನ್ನಿಗೆ ಹಾಕಿಕೊಂಡು. ಜನ ಹತ್ತುವುದನ್ನು ಮಾತ್ರ ಅಭ್ಯಾಸ ಮಾಡುತ್ತಾರೆ. ತೊಡೆ ಹಿಡಿಯುವುದು, ಮಂಡಿ ನೋಯುವುದು ಇಳಿಯುವಾಗ. ಮೆಟ್ಟಿಲನ್ನು ನಿಧಾನವಾಗಿ ಇಳಿದು ಇಳಿದು ಅಭ್ಯಾಸ ಮಾಡಿ. ಒಂದೇ ದಿನ ಎರಡು ಬೆಟ್ಟ ಒಮ್ಮೆ ಆರಾಮಾಗಿ ಮುಗಿಸಿದ ಮೇಲೆ ಮೂರರ ಮಾತು.

ಆ ದಿನ

ಹಿಂದಿನ ರಾತ್ರಿ ಎಲ್ಲವನ್ನೂ ಚಾಪೆಯ ಮೇಲೆ ಹರಡಿಕೊಂಡು ಒಂದೊಂದೇ ಚೀಲಕ್ಕೆ ಹಾಕಿ. ತಲೆಗೆ ಕಟ್ಟುವ ಟಾರ್ಚ್ ಬೇಕು, ಸಂಜೆಯೊಳಗೆ ಬರುತ್ತೇವೆ ಅಂತ ಅದನ್ನು ಬಿಟ್ಟು ಬರಬೇಡಿ. ಅಗಲ ಅಂಚಿನ ಟೋಪಿ, ತುಂಬು ತೋಳಿನ ಹತ್ತಿ ಅಂಗಿ, ಟವೆಲ್, ಪವರ್ ಬ್ಯಾಂಕ್, ಸಿಳ್ಳೆ, ಬ್ಯಾಂಡೇಜು, ಕಾಲಿನ ಬೊಬ್ಬೆಗೆ ಅಂಟಿಸುವ ಟೇಪು. ಶೂ ಒಳಗೆ ಎಲ್ಲೋ ಉಜ್ಜಿ ಬಿಸಿಯಾಗುತ್ತಿದೆ ಅನಿಸಿದ ತಕ್ಷಣ ನಿಂತು ಟೇಪು ಹಚ್ಚಿ, ಬೊಬ್ಬೆ ಎದ್ದ ಮೇಲೆ ಹಚ್ಚಿದರೆ ಏನು ಬಂತು.

ಆರೂವರೆಗೆ ಚಂದ್ರವಳ್ಳಿ ಕಡೆಯಿಂದ ಶುರು. ಎಂಟಕ್ಕೆ ಕೆಳಗೆ, ತಿಂಡಿ. ಎಂಟೂವರೆಗೆ ಜೋಗಿಮಟ್ಟಿ ದಾರಿ. ಹನ್ನೆರಡರ ಹೊತ್ತಿಗೆ ತುದಿಯಲ್ಲಿರಬೇಕು. ಹನ್ನೆರಡೂವರೆ ಆದರೂ ತುದಿ ಸಿಗದಿದ್ದರೆ ಎಲ್ಲಿದ್ದೀರೋ ಅಲ್ಲಿಂದಲೇ ವಾಪಸ್. ಈ ಹೊತ್ತನ್ನು ಮನೆಯಲ್ಲೇ ಎಲ್ಲರೂ ಒಪ್ಪಿ ಬರೆದುಕೊಂಡಿರಬೇಕು, ಯಾಕೆಂದರೆ ಮೇಲೆ ನಿಂತಾಗ ಯಾರ ಬಾಯಿಂದಲೂ "ವಾಪಸ್ ಹೋಗೋಣ" ಅನ್ನುವ ಮಾತು ಹೊರಡುವುದಿಲ್ಲ, ಇನ್ನೊಂದು ತಿರುವು ಅಷ್ಟೇ ಅನ್ನುತ್ತಾ ಎರಡು ಗಂಟೆ ಮಾಡಿರುತ್ತೇವೆ. ಮೇಲೆ ಗಾಳಿ ಜೋರು, ಬೆವರಿದ ಅಂಗಿಯಲ್ಲಿ ಚಳಿ ಹಿಡಿಯುತ್ತದೆ, ಟವೆಲ್ ಹೊದ್ದು ಊಟ ಮಾಡಿ. ಸುತ್ತಲಿನ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಒಂದೂವರೆಗೆ ಗಾಡಿ.

ಎರಡೂಕಾಲಿಗೆ ಊರು. ಇಲ್ಲಿ ಮುಕ್ಕಾಲು ಗಂಟೆ ಶೂ ಬಿಚ್ಚಿ ಕಾಲು ಮೇಲೆ ಮಾಡಿ ಮಲಗಿ, ಮಜ್ಜಿಗೆ ಕುಡಿಯಿರಿ. ಆಮೇಲೆ ಪ್ರತಿಯೊಬ್ಬರನ್ನೂ ಕೇಳಿ, ಕೋಟೆ ಆಗುತ್ತಾ ಅಂತ. ಒಬ್ಬರು ಇಲ್ಲ ಅಂದರೂ ಒತ್ತಾಯ ಬೇಡ, ಅವರು ಬಾಗಿಲ ಹತ್ತಿರ ಟೀ ಕುಡಿಯುತ್ತಾ ಕಾಯಲಿ. ಉಳಿದವರು ಮೂರೂಕಾಲಿಗೆ ಟಿಕೆಟ್ ತೆಗೆದುಕೊಂಡು ಒಳಗೆ. ಬಾಗಿಲು ಹಾಕುವ ಹೊತ್ತು ಟಿಕೆಟ್ ಕೊಡುವಲ್ಲೇ ಕೇಳಿಕೊಳ್ಳಿ. ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ ದಾಟಿ ಮೇಲೆ ಹೋದಾಗ ಬೆಳಿಗ್ಗೆ ಹತ್ತಿದ ಗುಡ್ಡವೂ ಮಧ್ಯಾಹ್ನ ಹತ್ತಿದ ಸಾಲೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ನನಗೆ ಇಡೀ ದಿನದಲ್ಲಿ ಅತಿ ಇಷ್ಟವಾದ ಹತ್ತು ನಿಮಿಷ ಅದು. ಕೋಟೆಯನ್ನು ಕೊನೆಗೆ ಇಡಿ ಅಂದಿದ್ದಕ್ಕೆ ಅದೂ ಒಂದು ಕಾರಣ.

ಐದೂಕಾಲಿಗೆ ಇಳಿದುಬಿಡಿ. ಚೀಟಿ ಕೊಟ್ಟವರಿಗೆ ಮೊದಲು ಫೋನ್ ಮಾಡಿ, ಆಮೇಲೆ ದೋಸೆ. ಬೈಕಿನಲ್ಲಿ ದಾವಣಗೆರೆಗೆ ವಾಪಸ್ ಹೋಗುವವರು ತಕ್ಷಣ ಹೊರಡಬೇಡಿ, ಊಟ ಮಾಡಿ ಒಂದು ಗಂಟೆ ಕೂತು ಹೊರಡಿ, ಹೈವೇಯಲ್ಲಿ ಕಣ್ಣು ಎಳೆಯುತ್ತದೆ. ಬಸ್ಸಿಗೆ ಬಂದಿದ್ದರೆ ಇನ್ನೂ ಒಳ್ಳೆಯದು. ರಾತ್ರಿ ಬಿಸಿನೀರು ಸುರಿದುಕೊಳ್ಳುವಾಗ ಮಂಡಿಯ ಹಿಂದೆ, ಸೊಂಟದ ಪಟ್ಟಿ ಕೂತಿದ್ದ ಕಡೆ, ಕಂಕುಳಲ್ಲಿ ಉಣ್ಣೆ ಕಚ್ಚಿದೆಯಾ ನೋಡಿಕೊಳ್ಳಿ. ಇದ್ದರೆ ಹಿಸುಕದೆ, ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಕಾಲುಚೀಲಕ್ಕೆ ಹುಲ್ಲಿನ ಮುಳ್ಳು ಹತ್ತಿರುತ್ತದೆ, ಅದನ್ನು ಒಗೆಯುವ ಮುಂಚೆ ಒಂದೊಂದಾಗಿ ತೆಗೆಯಬೇಕು, ನೀರಿಗೆ ಹಾಕಿದ ಮೇಲೆ ನೂಲಿನೊಳಗೆ ಹೋಗಿ ಕೂರುತ್ತವೆ. ತೊಡೆ ನೋವು ಮಾರನೇ ದಿನಕ್ಕಿಂತ ಅದರ ಮಾರನೇ ದಿನ ಜಾಸ್ತಿ ಇರಬಹುದು, ಭಾನುವಾರ ಹತ್ತಿದ್ದರೆ ಮಂಗಳವಾರ ಮೆಟ್ಟಿಲು ಇಳಿಯುವ ಕೆಲಸ ಇಟ್ಟುಕೊಳ್ಳಬೇಡಿ.